ಮುಳುಗುತ್ತಿದ್ದ ಹೆಸರು

ಕ್ಯಾಸೆಟ್ಟು ಇನ್ನೂ ಓಡುತ್ತಿದ್ದ ಕಾಲ. ವಿನೋಬನಗರದ ನನ್ನ ರೆಕಾರ್ಡಿಂಗ್ ಕೋಣೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಭದ್ರಾವತಿಯಲ್ಲಿ ವಾರ್ಡ್ ಚುನಾವಣೆಗೆ ನಿಂತಿದ್ದ ರುದ್ರೇಶಪ್ಪನವರು ಆಟೋದಲ್ಲಿ ಹಾಕಲು ಪ್ರಚಾರದ ಹಾಡು ಮಾಡಿಸಿದರು. ಹಾಡಿನ ಕೊನೆಗೆ ಅವರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ದನಿ ಬರಬರುತ್ತ ಇಳಿಯುವಂತೆ ಆ ಭಾಗಕ್ಕೆ ನಾನು ಫೇಡ್ ಔಟ್ ಕೊಟ್ಟೆ. ಪರದೆಯ ಮೇಲಿನ ದನಿಯ ಅಲೆ ಇಲಿಯ ಬಾಲದಂತೆ ಸಣ್ಣಗಾಯಿತು, ಹೆಸರೂ ಮೆಲ್ಲಗೆ ಕರಗಿತು.

“ಇದೇನ್ ಸಾರ್, ನನ್ನ ಹೆಸರು ಮುಳುಗ್ತಾ ಹೋಗ್ತಿದೆ?”

“ಹಾಡು ನಯವಾಗಿ ಮುಗೀಲಿ ಅಂತ.”

“ನಾನೇ ಮುಗಿದ್ಹೋದಂಗೆ ಕೇಳ್ಸುತ್ತೆ ಮಾರಾಯ್ರೇ. ಈ ಸಲಾನೂ ಸೋತ್ರೆ ಮನೇಲಿ ಸೇರ್ಸಲ್ಲ. ತೆಗೀರಿ ಅದನ್ನ.”

ತೆಗೆದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು.

“ಸಾರ್, ನಮ್ಮ ಗೇಟಲ್ಲಿ ನಿಂತು ಕೇಳ್ದೆ. ಇನ್ನೂ ಮುಳುಗ್ತಾನೇ ಇದೆ.”

“ಆಟೋ ದೂರ ಹೋಗುತ್ತಲ್ಲ, ಅದಕ್ಕೆ.”

“ಅದಕ್ಕೂ ಏನಾದ್ರೂ ಒಂದು ಬಟನ್ ಒತ್ತಿ.”

“ಅದಕ್ಕೆ ಬಟನ್ ಇಲ್ಲ. ನೀವು ಆಟೋ ಹಿಂದೇನೇ ನಡೆದ್ರೆ ಮುಳುಗಲ್ಲ, ನೋಡಿ” ಎಂದು ತಮಾಷೆಗೆ ಹೇಳಿ ಫೋನಿಟ್ಟೆ.

ಮುಂದಿನ ವಾರ ಕೆಲಸದ ಮೇಲೆ ಭದ್ರಾವತಿಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಅವರ ಆಟೋ ಬಂತು. ಅದರ ಹಿಂದೆ ರುದ್ರೇಶಪ್ಪನವರು ಪಂಚೆ ಎತ್ತಿ ಹಿಡಿದು ಬಿರಬಿರನೆ ನಡೆಯುತ್ತಿದ್ದರು.

“ಈಗ ಸರಿಹೋಯ್ತು ಸಾರ್, ಒಂಚೂರೂ ಮುಳುಗ್ತಿಲ್ಲ” ಎಂದು ನಿಲ್ಲದೆಯೇ ಕೂಗಿ ಹೇಳಿದರು.

ಬಾಗಿಲುಗಳಲ್ಲಿ ನಿಂತಿದ್ದ ಮತದಾರರ ಜೊತೆ ನಾನೂ ನೋಡುತ್ತ ನಿಂತೆ. ರಸ್ತೆಯ ತುದಿಯಲ್ಲಿ ಹೆಸರೂ ಮನುಷ್ಯನೂ ಒಟ್ಟೊಟ್ಟಿಗೆ ಸಣ್ಣಗಾಗುತ್ತ ಹೋಗಿ ಮರೆಯಾದರು. ಅಷ್ಟು ನಯವಾದ ಫೇಡ್ ಔಟ್ ನನ್ನ ಕಂಪ್ಯೂಟರಿಗೆ ಇವತ್ತಿಗೂ ಸಾಧ್ಯವಾಗಿಲ್ಲ.