ಹಡಗಲಿಯಲ್ಲಿ ಬೆರೆಸಿದ ಖಾರಸೋಡಾ

ನಾನು ಸೋಡಾ ಮಾಡುವವನು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನ್ನ ಗೋಲಿಸೋಡಾದ ಮಷಿನ್ ಇತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಬಾಟಲಿಗೆ ತುಂಬಬೇಕಾದ ಗ್ಯಾಸನ್ನು ದೇವರು ನನ್ನ ಮೂಗಿಗೆ ತುಂಬಿಬಿಟ್ಟಿದ್ದಾನೆ ಅಂತ ಮನೆಯವಳು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಈಗ ಹೇಳಲು ಹೊರಟಿರುವುದು ನನ್ನ ಸಿಟ್ಟಿನ ವಿಷಯವಲ್ಲ, ಜಂಬದ ವಿಷಯ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ನಾಲ್ವರು ಗೆಳೆಯರು. ನಾನು, ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬ, ಬಟ್ಟೆ ಅಂಗಡಿಯವನೊಬ್ಬ, ಮತ್ತೆ ಬೋರ್‌ವೆಲ್ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗಿನವನು. ನಾಲ್ವರ ಹುಟ್ಟುಹಬ್ಬವೂ ಒಂದೇ ದಿನ, ಜೂನ್ ಒಂದು. ಅದೇನು ಪವಾಡವಲ್ಲ. ಹುಟ್ಟಿದ ದಿನವನ್ನು ನಮ್ಮ ಯಾರ ಮನೆಯಲ್ಲೂ ಬರೆದಿಟ್ಟಿರಲಿಲ್ಲ. ಒಂದನೇ ತರಗತಿಗೆ ಸೇರಿಸುವಾಗ ಹೆಡ್‌ಮಾಸ್ತರರು ಬಂದವರಿಗೆಲ್ಲ ಅದೇ ತಾರೀಖು ಬರೆದುಕೊಂಡು ಕೈತೊಳೆದುಕೊಂಡಿದ್ದರು. ಸರ್ಟಿಫಿಕೇಟಿನ ಪ್ರಕಾರ ಆ ವರ್ಷ ನಮಗೆಲ್ಲ ಮೂವತ್ತು ತುಂಬುತ್ತಿತ್ತು.

ನಮ್ಮದೇ ಒಂದು ಡ್ರಿಂಕ್ ಇತ್ತು. ಅದನ್ನು ಬೆರೆಸುವುದು ನಾನೇ, ಬೇರೆ ಯಾರೂ ಕೈಹಾಕುವಂತಿರಲಿಲ್ಲ. ಜಿನ್ನಿಗೆ ಒಂದು ಇಡೀ ನಿಂಬೆಹಣ್ಣು ಹಿಂಡಿ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ ಬಿಟ್ಟು, ಚಿಟಿಕೆ ಉಪ್ಪು ಹಾಕಿ, ಮೇಲಿಂದ ನನ್ನ ಸೋಡಾ ಸುರಿಯುವುದು. ಖಾರ, ಹುಳಿ, ಉಪ್ಪು ಎಲ್ಲ ಇಳಿದ ಮೇಲೆ ಗಂಟಲಲ್ಲಿ ಜಿನ್ನಿನ ಸಣ್ಣ ಕಹಿ ನಿಲ್ಲಬೇಕು. ಅದಕ್ಕೆ ಖಾರಸೋಡಾ ಅಂತ ಹೆಸರಿಟ್ಟಿದ್ದೆವು. ಆ ಹುಟ್ಟುಹಬ್ಬಕ್ಕೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಾಲ್ಕೂ ಊರಿನ ಬಾರಿನಲ್ಲಿ ಒಂದೊಂದು ಗ್ಲಾಸು ಖಾರಸೋಡಾ ಕುಡಿದು ಬರಬೇಕು ಅಂತ ಲೆಕ್ಕ ಹಾಕಿದೆವು. ಕೊಟ್ಟೂರಿನ ಬಾರಿಗೆ ಮಾತ್ರ ನಾವು ಕಾಲಿಡುವವರಲ್ಲ. ಊರೊಳಗೆ ನಾವೆಲ್ಲ ವಿಭೂತಿ ಹಚ್ಚಿಕೊಂಡು ಓಡಾಡುವ ಮಾನವಂತರು.

ಮುಂಜಾನೆ ವೈಂಡಿಂಗಿನವನನ್ನು ಕರೆಯಲು ಅವನ ಮನೆಗೆ ಹೋದೆ. ಅವನಿಗೆ ತಾಯಿ ತಂದೆ ಇರಲಿಲ್ಲ. ಅಂಗನವಾಡಿ ಕೆಲಸ ಮಾಡಿಕೊಂಡು ಅವನನ್ನು ಸಾಕಿದವಳು ಅಕ್ಕ. ಅವನು ಕಪ್ಪು ಕನ್ನಡಕ ಹಾಕಿಕೊಂಡು, ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ನಿಂತಿದ್ದ.

"ಕಣ್ಣು ಬಂದಾವಲೇ. ನೋಡಬ್ಯಾಡ, ನಿನಗೂ ಹತ್ತತಾವ" ಅಂದ.

ಆ ತಿಂಗಳು ಊರಿನಲ್ಲಿ ಅರ್ಧ ಜನಕ್ಕೆ ಕಣ್ಣುಬೇನೆ. ಬಂದವರ ಕಣ್ಣನ್ನು ಕಣ್ಣಿಟ್ಟು ನೋಡಿದರೆ ಸಾಕು, ನಮಗೂ ಬರುತ್ತದೆ ಅಂತ ಎಲ್ಲರೂ ನಂಬಿದ್ದೆವು. "ಮಾರಿ ಅತ್ಲಾಗ ತಿರುಗಿಸಲೇ ಮಾರಾಯ!" ಅಂತ ಬೈದು ನಾನು ನೆಲ ನೋಡಿದೆ. ಅಕ್ಕ ಬಾಗಿಲಿಗೆ ಬಂದಳು. ಅವಳಿಗೆ ಅವನು ಹೇಳಿದ್ದು, ಹರಪನಹಳ್ಳಿಗೆ ತಾಮ್ರದ ತಂತಿ ತರಲು ಹೋಗುತ್ತೇನೆ ಅಂತ. "ತಮ್ಮಾ, ಇವನ ಕಡಿ ಒಂದೀಟು ನಿಗಾ ಇಡಪ್ಪ" ಅಂದಳು ನನಗೆ. ಇನ್ನೂ ಏನೋ ಹೇಳುವವಳಿದ್ದಳು, ಅವನು "ಹೊತ್ತಾತು, ನೀ ನಡಿಯಕ್ಕ ಒಳಗ" ಅಂತ ಬಾಯಿ ಮುಚ್ಚಿಸಿದ.

ಅವನಿಗೆ ಕಣ್ಣು ಬಂದಿರಲಿಲ್ಲ. ಕಾಮಾಲೆಯಾಗಿತ್ತು. ಹೊಟ್ಟೆಯೊಳಗೆ ಲಿವರ್ ಊದಿ ಕೂತಿತ್ತು, ಒಂದು ಗುಟುಕು ಸಾರಾಯಿಯೂ ಅವನ ಪಾಲಿಗೆ ವಿಷ. ಅವನು ಉಳಿಯುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆ ಅವತ್ತು ನಮ್ಮ ಜೊತೆಗೇ ಬೈಕ್ ಹತ್ತಿ ಕೂತಿತ್ತು. ನಮಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಎರಡು ಬೈಕು. ಮೇಷ್ಟ್ರು ಮತ್ತು ಬಟ್ಟೆ ಅಂಗಡಿಯವನು ಮುಂದೆ, ನಾನು ಮತ್ತು ಅವನು ಹಿಂದೆ, ನಮ್ಮಿಬ್ಬರ ನಡುವೆ ಒದ್ದೆ ಗೋಣಿಚೀಲದಲ್ಲಿ ಸೋಡಾ ಬಾಟಲಿಗಳು. ಮೋಡ ಕಟ್ಟಿತ್ತು, ಒಂದು ಹನಿಯೂ ಬೀಳುತ್ತಿರಲಿಲ್ಲ. ಗಾಳಿ ನಿಂತೇ ಹೋಗಿತ್ತು. ಅವನ ಗದ್ದ ನನ್ನ ಬೆನ್ನಿಗೆ ತಾಗಿದಾಗಲೆಲ್ಲ ಅಂಗಿಯೊಳಗಿಂದ ಬಿಸಿ ಬಡಿಯುತ್ತಿತ್ತು. ಸೆಕೆ ಅಂದುಕೊಂಡೆ.

ಕೂಡ್ಲಿಗಿಯಲ್ಲಿ ಮೊದಲ ಗ್ಲಾಸು. ನಮ್ಮಲ್ಲೊಂದು ಕಟ್ಟಳೆ: ತನ್ನ ಗ್ಲಾಸು ಮುಟ್ಟುವ ಮುಂಚೆ ಪಕ್ಕದವನ ಗ್ಲಾಸಿನಿಂದ ಒಂದು ಗುಟುಕು ಕುಡಿಯಬೇಕು. ಎಂಜಲಿಗೆ ಹೇಸುವವನು ಗೆಳೆಯನೇ ಅಲ್ಲ. ನೋಡಿ ನಮ್ಮ ಬುದ್ಧಿ! ಅವನ ಕಣ್ಣು ನೋಡಲು ಹೆದರಿದೆವು, ಅವನ ಎಂಜಲು ಕುಡಿಯಲು ಹೆದರಲಿಲ್ಲ. ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿ ಬಂತು. ಬಜ್ಜಿಯ ಎಣ್ಣೆ ವಾಸನೆಗೆ ಅವನು ಮುಖ ಹಿಂದೆ ತೆಗೆದ. "ಹೆಣ್ಣು ಗೊತ್ತಾದ ಮ್ಯಾಲೆ ಇವಂಗೆ ಬಾಯಿ ರುಚಿನೂ ಹೋಗೇತಿ" ಅಂತ ಮೇಷ್ಟ್ರು ಕಿಚಾಯಿಸಿದ. ನಾವು ನಕ್ಕೆವು. ಅವನೂ ನಕ್ಕ, ಗ್ಲಾಸು ಖಾಲಿ ಮಾಡಿದ, ಆಮೇಲೆ ಬಹಳ ಹೊತ್ತು ಟೇಬಲ್ ಅಂಚು ಹಿಡಿದುಕೊಂಡೇ ಕೂತಿದ್ದ.

ಹಗರಿಬೊಮ್ಮನಹಳ್ಳಿಯಲ್ಲಿ ಎರಡನೆಯದು. ಅರ್ಧ ಕುಡಿದು ಅವನು ಎದ್ದು ಬಾರಿನ ಹಿಂದಕ್ಕೆ ಹೋದ. ನಾನೂ ಹೋದೆ. ಗೋಡೆಗೆ ನಿಂತು ಇಬ್ಬರೂ ಉಚ್ಚೆ ಹೊಯ್ಯುವಾಗ ಕಣ್ಣು ಅತ್ತ ಹೋಯಿತು. ಅವನದು ಸಾಸಿವೆ ಎಣ್ಣೆಯ ಬಣ್ಣ. ಕೈ ಚಾಚಿ ಅವನ ಕನ್ನಡಕ ಕಿತ್ತೆ. ಕಣ್ಣಿನ ಬಿಳಿಭಾಗ ಅರಿಶಿನ ಹಚ್ಚಿದಂತಿತ್ತು. ಅವನೇ ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದ. ಮೊಣಕೈ ಕೆಳಗೆ ಬರೆ ಹಾಕಿದ ಗಾಯ ಇನ್ನೂ ಹಸಿಯಾಗಿತ್ತು.

"ಕಾಮಾಲಿ. ಹತ್ತು ದಿನ ಆತು. ಅಕ್ಕ ಹೊಳಿಸಾಲಿನ ಒಂದು ಊರಿಗೆ ಕರಕೊಂಡು ಹೋಗಿ ಬರಿ ಹಾಕಿಸಿ ಔಷಧಿ ಕೊಡಿಸ್ಯಾಳ" ಅಂದ.

"ಕುಡಿಬ್ಯಾಡ ಅಂದಿಲ್ಲೇನು ಅವರು?"

"ಅಂದಾರ. ಕುಡಿದ್ರ ಉಳಿಯಂಗಿಲ್ಲ ಅಂತನೂ ಅಂದಾರ."

"ಲೇ, ನಿನ್ನ ತಲಿ ನೆಟ್ಟಗೈತೇನಲೇ?" ಅಂತ ಕೂಗಿಬಿಟ್ಟೆ. ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. "ಕೂಗಬ್ಯಾಡ, ನಿನ್ನ ಕಾಲು ಬೀಳ್ತೀನಿ. ಅವನು ಒಳಗ ಅದಾನ."

ಅವನು ಅಂದರೆ ಬಟ್ಟೆ ಅಂಗಡಿಯವನು. ವೈಂಡಿಂಗಿನವನಿಗೆ ಹರಪನಹಳ್ಳಿಯಲ್ಲಿ ಗೊತ್ತಾಗಿದ್ದ ಹೆಣ್ಣು ಬಟ್ಟೆ ಅಂಗಡಿಯವನ ದೊಡ್ಡಪ್ಪನ ಮೊಮ್ಮಗಳು. ಬರುವ ಸೋಮವಾರ ನಿಶ್ಚಯ. ನಮ್ಮ ಕಡೆ ಗಂಡಸಿಗೆ ಕಾಮಾಲೆ ಅಂದರೆ ಜನ ಮೊದಲು ಕೇಳುವುದು, ಎಷ್ಟು ಕುಡಿಯುತ್ತಿದ್ದ ಅಂತ. ಅವನಿಗೆ ಬಂದದ್ದು ಕೆಟ್ಟ ನೀರಿನಿಂದಲೋ ಏನೋ, ಆದರೆ ಆ ಮಾತು ಯಾರು ಕೇಳಬೇಕು? ಹುಟ್ಟುಹಬ್ಬದ ದಿನ ಗ್ಲಾಸು ಮುಟ್ಟದಿದ್ದರೆ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಮೂವತ್ತು ವರ್ಷಕ್ಕೆ ಕೂಡಿಬಂದ ಸಂಬಂಧ, ಅಕ್ಕ ಊರೂರು ಅಲೆದು ನೋಡಿದ್ದು. ತಪ್ಪಿದರೆ ಅವಳು ಎದೆಯೊಡೆದುಕೊಂಡು ಸಾಯುತ್ತಾಳೆ ಅಂದ. ಹೀಗೆ ಹೇಳುತ್ತ ಅಳುತ್ತಿದ್ದ, ಆ ಹಳದಿ ಕಣ್ಣಲ್ಲೇ.

ನಾನು ಒಂದು ಉಪಾಯ ಹೇಳಿದೆ. "ಬೆರೆಸಾವ ನಾನು. ನಿನ್ನ ಗ್ಲಾಸಿಗೆ ಬರೇ ನಿಂಬಿಹಣ್ಣು, ಸೋಡಾ. ಒಂದು ಹನಿ ಜಿನ್ ಬೀಳಂಗಿಲ್ಲ. ನಿನ್ನ ಪಕ್ಕ ನಾನೇ ಕುಂದರ್ತೀನಿ, ನಿನ್ನ ಗ್ಲಾಸಿನ ಗುಟುಕು ನನಗೇ ಬರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ." ಅವನು ಕನ್ನಡಕ ಮತ್ತೆ ಹಾಕಿಕೊಂಡು ನನ್ನ ಕೈ ಎರಡನ್ನೂ ಹಿಡಿದುಕೊಂಡ. ಅವನಿಗೆ ಆದ ಸಮಾಧಾನ ನೋಡಿ ನನಗೂ ಧೈರ್ಯ ಬಂತು.

ಹಡಗಲಿಗೆ ಹೋಗುವ ದಾರಿಯುದ್ದಕ್ಕೂ ನಾನೇ ಅವನ ಜೀವ ಉಳಿಸುವ ಡಾಕ್ಟರು ಅನ್ನುವ ಹಾಗೆ ಗಾಡಿ ಓಡಿಸಿದೆ.

ಹಡಗಲಿಯ ಬಾರಿನಲ್ಲಿ ಮಧ್ಯಾಹ್ನದ ಹೊತ್ತು. ಕರೆಂಟು ಹೋಗಿತ್ತು, ಕಿಟಕಿಯಿಂದ ಬಂದಷ್ಟೇ ಬೆಳಕು. ನಾನು ಗೋಡೆ ಕಡೆ ತಿರುಗಿ ನಾಲ್ಕು ಗ್ಲಾಸು ಬೆರೆಸಿದೆ, ಮೂರಕ್ಕೆ ಜಿನ್, ಒಂದಕ್ಕೆ ಇಲ್ಲ. ಕಟ್ಟಳೆಯಂತೆ ಅವನ ಗ್ಲಾಸಿನಿಂದ ಗುಟುಕು ಕುಡಿದು, "ಆಹಾ, ಖಾರ ಅಂದ್ರ ಖಾರ!" ಅಂತ ನಾಟಕ ಮಾಡಿದೆ. ನಡೆದುಹೋಯಿತು. ಅವನು ಸಣ್ಣಗೆ ಕುಡಿಯುತ್ತಿದ್ದ. ಬಟ್ಟೆ ಅಂಗಡಿಯವನು ತನ್ನದನ್ನು ಬೇಗ ಮುಗಿಸಿ, "ನಿಂದ್ಯಾಕ ಇನ್ನೂ ಹಂಗ ಐತಿ? ಕೊಡಲೇ ಇಲ್ಲಿ" ಅಂತ ಅವನ ಗ್ಲಾಸಿಗೆ ಕೈಹಾಕಿದ. ತಡೆಯುವಷ್ಟರಲ್ಲಿ ಬಾಯಿಗಿಟ್ಟಿದ್ದ.

"ಥೂ! ಏನಲೇ ಇದು, ಬರೇ ಷರಬತ್ತು!"

ಮೇಷ್ಟ್ರೂ ರುಚಿ ನೋಡಿದ. ಬಾರಿನ ಸಪ್ಲೈಯರ್, ವಯಸ್ಸಾದ ಮನುಷ್ಯ, ಬಂದು ನಿಂತು ನಗುತ್ತಿದ್ದ. "ಸೋಡಾ ಸಾಹುಕಾರನ ಕೈ ಬಿದ್ದುಹೋತಪ್ಪೋ" ಅಂತ ಬಟ್ಟೆ ಅಂಗಡಿಯವನು ಬಾರಿಗೆಲ್ಲ ಕೇಳುವಂತೆ ಸಾರಿದ. "ಊರ ತುಂಬ ನನ್ನ ಕೈ, ನನ್ನ ಕೈ ಅಂತ ಎದಿ ಉಬ್ಬಿಸಿಕೊಂಡು ತಿರುಗಾವ. ಇದಕ್ಕಿಂತ ನಮ್ಮವ್ವ ಮಾಡೋ ಪಾನಕ ಖಡಕ್ ಇರ್ತೈತಿ!" ಪಕ್ಕದ ಟೇಬಲ್‌ನವರೂ ನಕ್ಕರು.

ಅವನಿಗೆ ಹೊಟ್ಟೆ ಕೆಟ್ಟಿದೆ, ನಾನೇ ಬೇಡ ಅಂದೆ ಅಂತ ಇಷ್ಟು ಹೇಳಿದ್ದರೆ ಮುಗಿದಿತ್ತು. ಹೊಟ್ಟೆ ಕೆಟ್ಟರೆ ಯಾವ ಸಂಬಂಧವೂ ಮುರಿಯುವುದಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಷ್ಟರಲ್ಲಿ ನನಗೆ ಪಿತ್ತ ನೆತ್ತಿಗೇರಿತ್ತು. ನನ್ನ ಕೈ ಬಿದ್ದುಹೋಯಿತು ಅಂತಾನೆ, ಎಲ್ಲರ ಮುಂದೆ!

"ತಾ ಇಲ್ಲಿ, ಮರೆತಿದ್ದೆ" ಅಂತ ಗ್ಲಾಸು ಕಸಿದುಕೊಂಡೆ. ಅದರಲ್ಲಿದ್ದದ್ದನ್ನು ಚೆಲ್ಲಿ, ಮೂರು ಬೆರಳು ಜಿನ್ ಸುರಿದೆ. ನಿಂಬೆಹಣ್ಣು ಹಿಂಡಿದೆ, ಮೆಣಸಿನಕಾಯಿ ಸೀಳಿದೆ, ಸೋಡಾ ನೊರೆ ಅಂಚಿಗೆ ಬಂದು ನಿಲ್ಲುವಂತೆ ಬಿಟ್ಟೆ. ಅಂಥ ಖಾರಸೋಡಾ ನಾನು ಅದಕ್ಕೆ ಮುಂಚೆ ಬೆರೆಸಿರಲಿಲ್ಲ. ಬಟ್ಟೆ ಅಂಗಡಿಯವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಹಾಂ! ಇದು ನೋಡಪಾ ಕೈ ಅಂದ್ರ!" ಅಂದ. ನನಗೆ ಖುಷಿಯಾಯಿತು. ಖಂಡಿತ ಆಯಿತು, ಸುಳ್ಳು ಯಾಕೆ ಹೇಳಲಿ.

ಅವನು ಗ್ಲಾಸನ್ನು ವೈಂಡಿಂಗಿನವನ ಕೈಗಿಟ್ಟ. ಇವನು ನನ್ನ ಕಡೆ ತಿರುಗಿದ. ಎಷ್ಟು ಹೊತ್ತು ಹಾಗೆ ನೋಡಿದನೋ, ನಾನು ಬಾಟಲಿಗಳನ್ನು ಗೋಣಿಗೆ ತುಂಬುತ್ತ ಇದ್ದೆ. ಆಮೇಲೆ ಒಂದೇ ಏಟಿಗೆ ಕುಡಿದು ಮುಗಿಸಿದ.

ಅವನ ಗುಟ್ಟು ಉಳಿಸಲೆಂದೇ ಹಾಗೆ ಮಾಡಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗುಟ್ಟು ಉಳಿಸಲು ಮೂರು ಬೆರಳು ಬೇಕಾಗಿರಲಿಲ್ಲ.

ಹರಪನಹಳ್ಳಿಯ ಬಾರು ನಾವು ಮುಟ್ಟಲೇ ಇಲ್ಲ. ಊರು ಇನ್ನೂ ದೂರವಿರುವಾಗಲೇ ಅವನು ನನ್ನ ಭುಜ ಬಡಿದ. ಗಾಡಿ ನಿಲ್ಲಿಸಿದೆ. ಜಾಲಿಗಿಡದ ಬುಡದಲ್ಲಿ ವಾಂತಿ ಮಾಡಿದ, ಮೊದಲು ಸೋಡಾ, ಆಮೇಲೆ ಕಪ್ಪು ರಕ್ತ. ಮುಂದೆ ಹೋಗಿದ್ದ ಇಬ್ಬರೂ ನಾವು ಬರಲಿಲ್ಲವೆಂದು ತಿರುಗಿ ಬಂದರು. ಒಂದು ಟ್ರ್ಯಾಕ್ಸ್ ಜೀಪು ತಡೆದು ಹರಪನಹಳ್ಳಿಗೆ ಒಯ್ದೆವು. ಡಾಕ್ಟರು ಕನ್ನಡಕ ತೆಗೆದು ನೋಡಿ, "ಇವರಿಗೆ ಕುಡಿಸಿದ್ದು ಯಾರ್ರೀ?" ಅಂದರು. ಉತ್ತರಕ್ಕೆ ಕಾಯದೆ ಚೀಟಿ ಬರೆದರು. ದಾವಣಗೆರೆಗೆ ಒಯ್ಯಿರಿ ಅಂದರು.

ದಾವಣಗೆರೆಯಲ್ಲಿ ಅವನಿಗೆ ಮೂರನೆಯ ದಿನದಿಂದ ನಾವು ಯಾರೆಂದು ತಿಳಿಯಲಿಲ್ಲ. ಕೈ ಮಾತ್ರ ಆಡುತ್ತಿತ್ತು, ಇಲ್ಲದ ತಂತಿಯನ್ನು ಇಲ್ಲದ ಮೋಟಾರಿಗೆ ಸುತ್ತುತ್ತಿದ್ದ. ಅಕ್ಕ ಆ ಕೈ ಹಿಡಿದುಕೊಂಡು ಕೂತಿರುತ್ತಿದ್ದಳು. ಸೋಮವಾರ ಬಂತು, ಹೋಯಿತು. ಒಂಬತ್ತನೆಯ ದಿನ ಹೋಗಿಬಿಟ್ಟ.

ಬಟ್ಟೆ ಅಂಗಡಿಯವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡ. "ನನಗೊಂದು ಮಾತು ಹೇಳಿದ್ರ ನಾನೇನು ಹೆಣ್ಣು ತಪ್ಪಿಸ್ತಿದ್ನೇನಲೇ? ನಾನೇ ಡಾಕ್ಟರ ಹತ್ರ ಕರಕೊಂಡು ಹೋಗ್ತಿದ್ನಲ್ಲಲೇ" ಅಂತ ಅತ್ತ. ಅವನು ಹೇಳಿದ್ದು ನಿಜವಿರಬೇಕು.

ಮಣ್ಣು ಮಾಡಿದ ಮೂರನೆಯ ದಿನ ಅಕ್ಕನ ಮನೆಗೆ ಹೋದೆ. ಬಂದವರೆಲ್ಲ ಎದ್ದು ಹೋಗಿದ್ದರು. ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತಲೂ ಅಂದುಕೊಂಡೆ.

"ತಮ್ಮಾ, ಒಂದು ಮಾತು ಕೇಳ್ತೀನಿ, ಖರೇ ಹೇಳು. ನಿಮ್ಮ ಕೂಡ ಇಡೀ ದಿನ ಇದ್ದ. ಅಷ್ಟು ಸಂಕಟ ಒಬ್ಬನ ಹೊಟ್ಟ್ಯಾಗ ಇಟಗೊಂಡು ತಿರುಗಿದನಾ? ಯಾರ ಮುಂದನೂ ಬಾಯಿ ಬಿಡಲಿಲ್ಲೇನು? ನಿನ್ನ ಮುಂದರ ಹೇಳಿದ್ನಾ? ಒಬ್ಬರ ಮುಂದ ಅತ್ತು ಹಗುರಾಗಿ ಹೋದ ಅಂತ ಗೊತ್ತಾದ್ರ ನನಗೆ ಸಾಕಪ್ಪ. ಅಷ್ಟಾದ್ರ ನಾ ತಡಕೊಂತೀನಿ."

ಅವನು ಅತ್ತಿದ್ದ. ನನ್ನ ಮುಂದೆ, ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಿದ್ದ. ಹೌದು ಅಂದರೆ ಅವಳಿಗೆ ಅಷ್ಟು ಸಮಾಧಾನ ಸಿಗುತ್ತಿತ್ತು. ಆದರೆ ಹೌದು ಅಂದ ಮರುಗಳಿಗೆ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಗೊತ್ತಿದ್ದೂ ಹಡಗಲಿಯಲ್ಲಿ ಕುಡಿಸಿದವರು ಯಾರು ಅಂತ.

"ಇಲ್ಲಕ್ಕ. ಯಾರಿಗೂ ಹೇಳಲಿಲ್ಲ" ಅಂದೆ.

ನನಗೆ ಅಳು ತಡೆಯಲಾಗಲಿಲ್ಲ. "ಅಳಬ್ಯಾಡಪ್ಪ, ನಿನಗರ ಏನು ಗೊತ್ತಿತ್ತು" ಅಂತ ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಅವಳು ಒರೆಸುವಷ್ಟು ಹೊತ್ತೂ ನಾನು ಮುಖ ಒಡ್ಡಿಕೊಂಡು ಕೂತಿದ್ದೆ.