ಗುಂಯ್ ಎನ್ನುವ ಡಬ್ಬಿ ಮತ್ತು ನಮ್ಮತ್ತೆ

ಮೊನ್ನೆ ಒಂದು ಭಾನುವಾರ ಪುಣೆಯಲ್ಲಿ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಕಾರಣ? ನನ್ನ ಆಂಪ್ಲಿಫೈಯರ್ ಸುಮ್ಮನಾಗಿತ್ತು.

ಆಂಪ್ಲಿಫೈಯರ್ ಇರುವುದೇ ಸದ್ದು ಮಾಡಲಿಕ್ಕೆ, ಸುಮ್ಮನಾದರೆ ಏನು ಖುಷಿ ಎನ್ನುತ್ತೀರಾ? ಹಾಗಾದರೆ ನೀವು ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟಿಲ್ಲ. (ಒಳ್ಳೆಯದೇ. ಸಂಸಾರ ಸುಸೂತ್ರವಾಗಿದೆ ಎಂದಾಯಿತು.)

ನಾನು ಕಟ್ಟಿದೆ. ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದವನು ನಾನು. ದಿನವಿಡೀ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವವನಿಗೆ ಒಮ್ಮೆಯಾದರೂ ತಾನೇ ಏನನ್ನಾದರೂ ಮಾಡಬೇಕು ಅನಿಸುವುದಿಲ್ಲವೇ? ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿ ಸುತ್ತಿ ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರ್, ಕೆಪ್ಯಾಸಿಟರ್ ಎಲ್ಲ ತಂದೆ. ಬೆಸುಗೆ ಹಾಕಿದೆ, ಬೆರಳು ಸುಟ್ಟುಕೊಂಡೆ, ಎಲ್ಲವನ್ನೂ ಒಂದು ಕಬ್ಬಿಣದ ಡಬ್ಬಿಯೊಳಗೆ ಕೂರಿಸಿದೆ.

ಮೊದಲ ಸಲ ಕರೆಂಟು ಕೊಡುವಾಗ ನಡುವೆ ಹಳೇ ಕಾಲದ ತಂತಿಯ ಬಲ್ಬೊಂದನ್ನು ಜೋಡಿಸುವುದು ರೂಢಿ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಭಗ್ ಎಂದು ಉರಿದು ಹೇಳಿಬಿಡುತ್ತದೆ. ನನ್ನದು ಒಮ್ಮೆ ಮಿನುಗಿ ಮಂಕಾಯಿತು. ಪಾಸ್! ನಾನು ಕುಣಿದೆ. ಹೆಂಡತಿ ವಿದ್ಯಾ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಆಮೇಲೆ ಸ್ಪೀಕರ್ ಜೋಡಿಸಿದೆ. ಗುಂಯ್...

ಹಾಡು ಹಾಕಿದರೂ ಗುಂಯ್, ಹಾಕದಿದ್ದರೂ ಗುಂಯ್. ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಕೆಪ್ಯಾಸಿಟರ್ ಬದಲಿಸಿದೆ. ಟ್ರಾನ್ಸ್‌ಫಾರ್ಮರನ್ನು ಪೂರ್ವಕ್ಕೆ, ಪಶ್ಚಿಮಕ್ಕೆ ತಿರುಗಿಸಿದೆ (ವಾಸ್ತು ನೋಡುವವರೂ ಅಷ್ಟು ತಿರುಗಿಸಿರಲಿಕ್ಕಿಲ್ಲ). ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮನೆಯ ಆಂಟಿ, ಇಲ್ಲಿನವರ ಬಾಯಲ್ಲಿ ಕಾಕೂ, ಮರಾಠಿಯಲ್ಲಿ ವಿಚಾರಿಸಿಕೊಂಡರು, ಮನೆಯಲ್ಲೇ ಹಿಟ್ಟಿನ ಗಿರಣಿ ಹಾಕಿಸಿದಿರಾ ಎಂದು.

ಕಾರ್ಖಾನೆಯ ಚಾಳಿ ನೋಡಿ, ಹೊಸ ಮಾಲನ್ನು ನಾವು ದಿನಗಟ್ಟಲೆ ಬಿಡದೆ ಓಡಿಸಿ ಪರೀಕ್ಷಿಸುತ್ತೇವೆ. ಡಬ್ಬಿಯನ್ನೂ ಹಾಗೆಯೇ ಬೆಳಗ್ಗೆ ಚಾಲೂ ಮಾಡಿ, ಯಾರೂ ಮುಟ್ಟಬೇಡಿ ಎಂದು ತಾಕೀತು ಮಾಡಿ ಕಂಪನಿ ಬಸ್ಸು ಹತ್ತುತ್ತಿದ್ದೆ.

ಇಲ್ಲಿ ನಮ್ಮತ್ತೆಯ ಪರಿಚಯ ಹೇಳಬೇಕು. ಧಾರವಾಡದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುವವರು. ಮೊಣಕಾಲಿನ ಆಪರೇಷನ್ನಿಗೆಂದು ನಮ್ಮಲ್ಲಿಗೆ ಬಂದಿದ್ದಾರೆ. ಅಳಿಯನೊಂದಿಗೆ ನೇರವಾಗಿ ಮಾತಾಡುವುದಿಲ್ಲ, ಅದು ಅವರ ಕಾಲದ ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ, ಅವರಿಗೆ ಇನ್ನೊಂದು ಚಪಾತಿ ಬೇಕೇನು ಕೇಳವ್ವಾ ಎಂದು ಮಗಳಿಗೆ ಹೇಳುತ್ತಾರೆ. ನಾನೂ ಬೇಡ ಅಂತ ಮಗಳಿಗೇ ಹೇಳುತ್ತೇನೆ. ವಿದ್ಯಾಳ ಚಪಾತಿ ಆರಿಹೋಗುತ್ತದೆ.

ಆಪರೇಷನ್ ಆದಮೇಲೆ ಅವರು ಹಾಡುವುದನ್ನೇ ಬಿಟ್ಟಿದ್ದರು. ಕಿಟಕಿ ಪಕ್ಕ ಸುಮ್ಮನೆ ಕೂತುಬಿಡುತ್ತಿದ್ದರು. ವಿದ್ಯಾಗೆ ಅದೇ ಚಿಂತೆ, ಮೊಣಕಾಲಿಗಿಂತ ಹೆಚ್ಚು. ಹೀಗಿರುವಾಗ ಒಂದು ದಿನ ಕಾರ್ಖಾನೆಗೆ ಅವಳ ಫೋನು. "ರೀ, ಅವ್ವ ಹಾಡ್ಲಿಕ್ಕೆ ಹತ್ಯಾಳ್ರಿ!" ಆವತ್ತಿನಿಂದ ದಿನಾ ಬೆಳಗ್ಗೆ ಹಾಡು. ಮನೆಗೆ ಬರುವ ಫಿಸಿಯೋಥೆರಪಿಯ ಹುಡುಗಿಯ ಕೈಗುಣವೆಂದು ನಾವಿಬ್ಬರೂ ಅವಳನ್ನು ಬಾಯ್ತುಂಬ ಹೊಗಳಿದೆವು.

ಇನ್ನು ಭಾನುವಾರಕ್ಕೆ ಬರೋಣ. ತಪ್ಪು ಸಿಕ್ಕಿತು! ಒಳಗಿನ ಸರ್ಕೀಟನ್ನು ಕಬ್ಬಿಣದ ಡಬ್ಬಿಗೆ ಒಂದೇ ಒಂದು ಕಡೆ ಜೋಡಿಸಬೇಕು. ನಾನು ಗಟ್ಟಿಯಾಗಿರಲಿ ಎಂದು ಎರಡು ಕಡೆ ಜೋಡಿಸಿದ್ದೆ. ಕ್ವಾಲಿಟಿಯವನಲ್ಲವೇ, ಒಂದು ಬೋಲ್ಟು ಸಾಕೆಂದರೆ ಎರಡು ಹಾಕುವ ಜಾತಿ. ಆ ಎರಡು ದಾರಿಗಳ ನಡುವೆ ಕರೆಂಟು ಸುತ್ತು ಹಾಕುತ್ತ ಗುಂಯ್‌ಗುಡುತ್ತಿತ್ತು. ಒಂದು ವಯರು ಕತ್ತರಿಸಿದೆ. ಮೌನ! ಎಂಥ ಮೌನ ಅಂತೀರಿ! ಮನೆಮಂದಿಯನ್ನೆಲ್ಲ ಕರೆದು ಆ ಮೌನವನ್ನು ಕೇಳಿಸಿದೆ. ಅತ್ತೆ ಸ್ವಲ್ಪ ಹೊತ್ತು ಕೇಳಿ, ವಾಕರ್ ಹಿಡಿದು ಕೋಣೆಗೆ ಹೋದರು.

ಸೋಮವಾರ ಹಾಡಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ರಾತ್ರಿ ಊಟಕ್ಕೆ ಕೂತಾಗ, ಧಾರವಾಡಕ್ಕೆ ಟಿಕೆಟ್ ತೆಗೆಸು ಎಂದು ಮಗಳಿಗೆ ಹೇಳಿದರು. ಇನ್ನೂ ನೆಟ್ಟಗೆ ಮೆಟ್ಟಿಲು ಇಳಿಯಲು ಬರುವುದಿಲ್ಲ, ಇದೇನು ಹಟ? ವಿದ್ಯಾ ಕೇಳಿದಳು, ಬೇಡಿದಳು, ಅತ್ತಳು. ಅತ್ತೆ ತಟ್ಟೆಯಿಂದ ತಲೆ ಎತ್ತಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ, ನೇರವಾಗಿ ನನ್ನನ್ನೇ ಕೇಳಿದರು.

"ಅಳಿಯಂದ್ರ, ನಿಮ್ಮ ಡಬ್ಬಿ ಛಲೋ ಶ್ರುತಿ ಹಿಡೀತಿತ್ತಲ್ರಿ. ಪಾಂಢರೀ ಪಾಚ, ನನ್ನ ಪಟ್ಟಿ. ಕೂದಲೆಳಿ ಅಷ್ಟು ಏರಿತ್ತು, ಅಷ್ಟ. ಅದನ್ಯಾಕ ಬಂದ್ ಮಾಡಿದ್ರಿ?"

ಪಾಂಢರೀ ಪಾಚ ಅಂದರೆ ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆ, ಅತ್ತೆ ಹಾಡುವ ಶ್ರುತಿ. ನಾನು ಯಾವುದನ್ನು ಹಿಡಿದು ಕೊಲ್ಲಲು ಇಷ್ಟೆಲ್ಲ ಪಾಡುಪಟ್ಟೆನೋ, ಅದನ್ನೇ ತಂಬೂರಿ ಮಾಡಿಕೊಂಡು ಅತ್ತೆ ಹಾಡುತ್ತಿದ್ದರು! ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದೆ ಎಂದೆ. ಅದಕ್ಕೆ ಕನ್ನಡಕ ಬೇಕು, ಫೋನು ಬಂದರೆ ನಿಂತುಬಿಡುತ್ತದೆ, ನಿಮ್ಮ ಡಬ್ಬಿ ಹಾಗಲ್ಲ ಎಂದರು. ಇಷ್ಟು ದಿನ ಕೆಲಸ ಮಾಡಿದ್ದಕ್ಕೆ ನನಗೆ ಸಿಕ್ಕ ಮೊದಲ ಪ್ರಶಂಸೆ ಅದು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಊಟ ಬಿಟ್ಟೆದ್ದು ಡಬ್ಬಿ ಬಿಚ್ಚಿದೆ. ಕತ್ತರಿಸಿದ ವಯರನ್ನು ಮತ್ತೆ ಜೋಡಿಸಿದೆ, ನಡುವೆ ಒಂದು ಸ್ವಿಚ್ ಇಟ್ಟು. ಒತ್ತಿದೆ. ಗುಂಯ್! ಮತ್ತೆ ಕುಣಿದೆ. ಈ ಸಲ ವಿದ್ಯಾ ಒಳಗೆ ಹೋಗಲಿಲ್ಲ. ಅತ್ತೆಗೆ ಗುರುತಿರಲಿ ಎಂದು ಸ್ವಿಚ್ಚಿಗೆ ಕುಂಕುಮದ ಬೊಟ್ಟಿಟ್ಟಳು.

ಈಗ ಬೆಳಗ್ಗೆ ಸ್ವಿಚ್ ಕೆಳಗೆ, ಅತ್ತೆಯ ಹಾಡು. ಸಂಜೆ ಸ್ವಿಚ್ ಮೇಲೆ, ನನ್ನ ಹಾಡು. ಟಿಕೆಟ್ಟಿನ ಮಾತು ಮತ್ತೆ ಬಂದಿಲ್ಲ. ಚಪಾತಿ ಬೇಕೇ ಎಂದು ಅತ್ತೆ ಈಗ ನನ್ನನ್ನೇ ಕೇಳುತ್ತಾರೆ, ಬೇಡ ಎನ್ನುವ ಧೈರ್ಯ ನನಗಿಲ್ಲ.

ನಿಮ್ಮ ಮನೆಯಲ್ಲೂ ಏನಾದರೂ ಗುಂಯ್‌ಗುಡುತ್ತಿರಬಹುದು. ರಿಪೇರಿಗೆ ಕೂರುವ ಮೊದಲು, ಅದರ ಜೊತೆ ಯಾರಾದರೂ ಹಾಡುತ್ತಿದ್ದಾರೆಯೇ ಎಂದು ನೋಡಿದ್ದೀರಾ?