ಶೈಲಜಾ ಬೆಳೆಸಿದ ಸೇತುವೆ

೧೯೯೯ರಲ್ಲಿ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಆರ್ಕಿಟೆಕ್ಚರ್ ಉಪನ್ಯಾಸಕಿ. ಕೊನೆಯ ವರ್ಷದ ವಿದ್ಯಾರ್ಥಿಗಳು ಸ್ವಂತವಾಗಿ ಒಂದು ದೊಡ್ಡ ವಿನ್ಯಾಸ ಮಾಡಬೇಕು. ಅದಕ್ಕೆ ಥೀಸಿಸ್ ಅನ್ನುತ್ತೇವೆ. ಹೊರಗಿನ ಪರೀಕ್ಷಕರೊಬ್ಬರು, ಒಳಗಿನವರೊಬ್ಬರು ಅಂಕಪಟ್ಟಿಗೆ ಸಹಿ ಹಾಕಬೇಕು. ಆ ವರ್ಷ ಒಳಗಿನ ಪರೀಕ್ಷಕಿ ನಾನೇ.

ಭದ್ರಾವತಿಯ ಕಾಗದನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಶೈಲಜಾ, ನೂರು ವರ್ಷ ಮುಂದಿನ ಶಿವಮೊಗ್ಗದ ನಕ್ಷೆ ಬರೆದಿದ್ದಳು. ಆ ಊರಿನಲ್ಲಿ ಮನೆಗಳನ್ನು ಕಟ್ಟುವುದಿಲ್ಲ, ಬೆಳೆಸುತ್ತಾರೆ. ಬಿದಿರಿನ ಮೆಳೆಯೇ ಗೋಡೆ. ಬಸರಿ ಮರದ ಕೊಂಬೆಗಳು ಒಂದಕ್ಕೊಂದು ಕಸಿ ಕೂಡಿ ಚಾವಣಿ. ಬರೀ ಕಲ್ಪನೆಯಲ್ಲ ಅದು. ಪಿಯುಸಿಯಲ್ಲಿದ್ದಾಗಲೇ ಕಾಗದನಗರದ ತಮ್ಮ ಕಾರ್ಖಾನೆ ಕ್ವಾರ್ಟರ್ಸ್ ಹಿಂದಿನ ದೊಡ್ಡ ಚರಂಡಿಯ ಎರಡೂ ಬದಿಗೆ ಬಸರಿ ಸಸಿ ನೆಟ್ಟು, ಬಾಗಿಸಿ, ಬಿಗಿದು ಕಟ್ಟಿ ಕಾಲುಸೇತುವೆಯೊಂದನ್ನು ಬೆಳೆಸಿದ್ದಳು. ಅದರ ಫೋಟೋಗಳನ್ನು ನಕ್ಷೆಯ ಪಕ್ಕದಲ್ಲೇ ಅಂಟಿಸಿದ್ದಳು.

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಫೋಟೋಗಳ ಕಡೆ ತಿರುಗಲೂ ಇಲ್ಲ.

"ಕಾಲಂ ಎಲ್ಲಮ್ಮ ಇದರಲ್ಲಿ? ಸ್ಲ್ಯಾಬ್ ಎಲ್ಲಿ? ತೋಟಗಾರಿಕೆ ಓದಬೇಕಿತ್ತು ನೀನು."

"ಸರ್, ಭದ್ರಾವತಿ ಇಲ್ಲೇ ಹತ್ತಿರ. ಒಂದ್ಸಲ ಬಂದು ಅದರ ಮೇಲೆ ನಡೆದು ನೋಡಿ," ಎಂದಳು ಶೈಲಜಾ.

"ಮರ ಹತ್ತೋಕೆ ಬಂದಿಲ್ಲ ನಾನು," ಎಂದು ನಕ್ಕು ಫೇಲ್ ಮಾಡಿದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

"ನೋಡದೆ ಫೇಲ್ ಮಾಡಿದ್ದಕ್ಕೆ ನಾನು ಸಹಿ ಹಾಕಲ್ಲ," ಎಂದೆ. ಪ್ರಾಂಶುಪಾಲರು ನನ್ನನ್ನು ಪಕ್ಕಕ್ಕೆ ಕರೆದು, "ಅವರು ದೊಡ್ಡವರು ಮೇಡಂ, ಸುಮ್ಮನೆ ಹಾಕಿಬಿಡಿ," ಎಂದರು. ಹಾಕಲಿಲ್ಲ. ವಿಶ್ವವಿದ್ಯಾಲಯಕ್ಕೆ ದೂರು ಬರೆದೆ. ಅಲ್ಲಿಯವರು ತಿಂಗಳುಗಟ್ಟಲೆ ಅಲೆದಾಡಿಸಿ, ಕೊನೆಗೆ ಬೇರೆ ಪರೀಕ್ಷಕಿಯನ್ನು ಕಳಿಸಿದರು.

ಅವರನ್ನು ನೇರ ಕಾಗದನಗರಕ್ಕೇ ಕರೆದೊಯ್ದೆ. ನಾವು ಹೋದಾಗ ಪಕ್ಕದ ಮನೆಯಾಕೆ ಎರಡು ಕೊಡ ನೀರು ಹೊತ್ತು ಅದೇ ಸೇತುವೆ ದಾಟುತ್ತಿದ್ದರು. "ಮುರಿಯಲ್ವೇನಮ್ಮ ಇದು?" ಎಂದು ಪರೀಕ್ಷಕಿ ಕೇಳಿದರು.

"ಹಲಗೆ ಹಾಕಿದ್ರೆ ಮಳೆಗಾಲಕ್ಕೆ ಕೊಚ್ಕೊಂಡು ಹೋಗೋದು ಮಾರಾಯ್ತಿ. ಇದು ವರ್ಷವರ್ಷಕ್ಕೂ ದಪ್ಪ ಆಗ್ತಾ ಇದೆ."

ಪರೀಕ್ಷಕಿ ಚಪ್ಪಲಿ ಬಿಟ್ಟು ಆಚೆ ದಡಕ್ಕೆ ನಡೆದು ಹೋಗಿ, ವಾಪಸ್ ಬಂದರು. ಶೈಲಜಾ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆದರೆ ಅಷ್ಟು ಹೊತ್ತಿಗೆ ಅವಳಿಗೆ ಸಿಕ್ಕಿದ್ದ ಕೆಲಸ ಬೇರೆಯವರ ಪಾಲಾಗಿತ್ತು.

"ಫೇಲ್ ಮಾಡಿದ್ದಕ್ಕಲ್ಲ ಮೇಡಂ ನಂಗೆ ಬೇಜಾರು," ಎಂದಳು ಅವಳು. "ಆ ಸರ್ ನಡೆದು ನೋಡಿ ಬೇಡ ಅಂದಿದ್ರೆ ಒಪ್ಕೊಳ್ತಿದ್ದೆ."

ಆಮೇಲೆ ನಾನೂ ಎಷ್ಟೋ ಕಡೆ ಪರೀಕ್ಷಕಿಯಾಗಿ ಹೋದೆ. ಕೆಲವರನ್ನು ಫೇಲ್ ಕೂಡ ಮಾಡಿದ್ದೇನೆ. ಇನ್ನೂ ಹುಟ್ಟದ ಊರನ್ನು ಕಲ್ಪಿಸುವವರ ಲೆಕ್ಕಾಚಾರ ತಪ್ಪಬಹುದು. ಅದನ್ನು ತಪ್ಪು ಎನ್ನುವ ಮೊದಲು ಪರೀಕ್ಷಕರು ಕುರ್ಚಿ ಬಿಟ್ಟು ಏಳಬೇಕು.